ಕೇಳಲು ಎಲ್ಲರಿಗೂ ಜಾಗ, ಹಾಡಲು ಯಾರಿಗೆ?

ಪುಷ್ಯ ಬಹುಳ ಪಂಚಮಿಯ ಬೆಳಗ್ಗೆ ಒಂಬತ್ತರ ಸುಮಾರಿಗೆ ಆಕಾಶವಾಣಿ ಹಾಕಿದರೆ ಮೊದಲು ಕೊಳಲಿನ ಭೈರವಿ ಕೇಳಿಸುತ್ತದೆ. ಅದು ನಿಂತ ಬೆನ್ನಿಗೇ ನಾಟ ರಾಗದಲ್ಲಿ ನೂರಾರು ದನಿಗಳು ಒಟ್ಟಿಗೆ ಏಳುತ್ತವೆ. ಕೆಲವು ತಾಳಕ್ಕೆ ಸರಿಯಾಗಿ, ಕೆಲವು ಕೂದಲೆಳೆಯಷ್ಟು ಹಿಂದೆ, ಕೆಲವು ಉತ್ಸಾಹದಲ್ಲಿ ಒಂದಿಷ್ಟು ಮುಂದೆ. ಜೊತೆಗೆ ಸಾಲು ಸಾಲು ಮೃದಂಗ, ಪಿಟೀಲು, ಘಟ. ಧ್ವನಿಮುದ್ರಣದ ಶಿಸ್ತಿಗೆ ಒಗ್ಗಿದ ಕಿವಿಗೆ ಇದು ಗದ್ದಲವೇ ಸರಿ. ಆದರೂ ಮೈಸೂರು, ಬೆಂಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಆ ಹೊತ್ತಿಗೆ ತರಕಾರಿ ಹೆಚ್ಚುವ ಕೈ ತಾನಾಗಿ ಆದಿತಾಳ ಹಾಕತೊಡಗುತ್ತದೆ.

ಈ ದನಿ ಬರುವುದು ತಂಜಾವೂರಿಗೆ ಹತ್ತು-ಹನ್ನೆರಡು ಕಿಲೋಮೀಟರ್ ದೂರದ ತಿರುವಯ್ಯಾರಿನಿಂದ. ಕಾವೇರಿಯ ದಂಡೆಯಲ್ಲಿ ವಾಗ್ಗೇಯಕಾರ ತ್ಯಾಗರಾಜರ ಸಮಾಧಿ, ಅದರ ಪಕ್ಕದ ಬಯಲಿನಲ್ಲಿ ದೊಡ್ಡ ಚಪ್ಪರ. ಅವರ ಪುಣ್ಯತಿಥಿಯ ಆರಾಧನೆಗೆ ಐದು ದಿನ, ಬೆಳಗಿನಿಂದ ತಡರಾತ್ರಿಯವರೆಗೆ ಹಾಡು. ಟಿಕೆಟ್ಟಿಲ್ಲ. ನೆಲದ ಮೇಲೆ ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಕೂತು ಕೇಳಬಹುದು, ಕಾಲು ಜೋಮು ಹಿಡಿದರೆ ಎದ್ದು ಹೊಳೆಯ ಕಡೆ ಹೋಗಿ ಬರಬಹುದು. ಹಾಡುವವರಿಗೂ ಸಂಭಾವನೆಯಿಲ್ಲ.

ಪುಕ್ಕಟೆ ಸಂಗೀತ ಎಂದ ಕೂಡಲೇ ನಮಗೆ ಕೇಳುಗರ ನೆನಪಾಗುತ್ತದೆ: ಸಭಾಂಗಣದ ಟಿಕೆಟ್ಟಿಗೆ ಹಣವಿಲ್ಲದವರು, ಸಂಗೀತ ಗೊತ್ತಿಲ್ಲವೆಂದು ಹಿಂಜರಿಯುವವರು, ದಾರಿಹೋಕರು. ತಿರುವಯ್ಯಾರಿನ ಮಟ್ಟಿಗೆ ಅದು ಸುಲಭದ ಭಾಗ. ಅಲ್ಲಿ ಯಾರೂ ಯಾರ ಕಿವಿಗೂ ಬೀಗ ಹಾಕಲಿಲ್ಲ. ಜಗಳವೆಲ್ಲ ನಡೆದದ್ದು ಹಾಡುವ ಬಾಯಿಯ ಮೇಲೆ. ಯಾರು ಹಾಡಬಹುದು, ಸಮಾಧಿಯ ಮುಂದೆಯೋ ಹಿಂದೆಯೋ, ಮೊದಲ ಸರದಿ ಯಾರದು, ಯಾವ ಭಾಷೆಯಲ್ಲಿ ಹಾಡಬೇಕು. ಮುಕ್ಕಾಲು ಶತಮಾನದಿಂದ ನಾವು ರೇಡಿಯೋದಲ್ಲಿ ಕೇಳುತ್ತಿರುವ ಆ ಗುಂಪುಗಾಯನ ಈ ಜಗಳದ ಮಗು ಎಂದರೆ ತಪ್ಪಾಗಲಾರದು. ಅದನ್ನು ಒಂದು ದಡ ಮುಟ್ಟಿಸಿದವರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಕನ್ನಡತಿಯೊಬ್ಬರದು ದೊಡ್ಡ ಪಾಲು.

ತ್ಯಾಗರಾಜರು ಹುಟ್ಟಿದ್ದು 1767ರಲ್ಲಿ, ತಿರುವಾರೂರಿನಲ್ಲಿ. ಮನೆಮಾತು ತೆಲುಗು, ಊರು ತಮಿಳರದು, ಆಳುವ ದೊರೆಗಳು ಮರಾಠರು. ಬದುಕಿನ ಬಹುಪಾಲು ಕಳೆದದ್ದು ತಿರುವಯ್ಯಾರಿನ ತಿರುಮಂಜನ ಬೀದಿಯ ಮನೆಯಲ್ಲಿ. ದೊರೆ ಶರಭೋಜಿಯ ಆಸ್ಥಾನಕ್ಕೆ ಬರಲು ಒಲ್ಲೆನೆಂದ ಕತೆ ಜನಜನಿತ. ಅದರ ಐತಿಹಾಸಿಕ ತೂಕ ಎಷ್ಟೇ ಇರಲಿ, ಅವರು ಉಂಛವೃತ್ತಿಯಿಂದ ಬದುಕಿದವರು. ತಂಬೂರಿ ಹಿಡಿದು ಬೀದಿಯಲ್ಲಿ ಹಾಡುತ್ತಾ ಹೋಗುವುದು, ಮನೆಯವರು ಹಾಕಿದ ಹಿಡಿ ಅಕ್ಕಿಯಲ್ಲಿ ಆ ದಿನದ ಊಟ, ಶಿಷ್ಯರ ಊಟ. ಅವರ ಹಾಡು ಮೊದಲಿಂದಲೂ ಬಯಲಲ್ಲೇ ಇತ್ತು ಎನ್ನಬೇಕು. ಈಗಲೂ ಆರಾಧನೆಯ ದಿನ ಬೆಳಗ್ಗೆ ಆ ಮನೆಯಿಂದ ಸಮಾಧಿಯವರೆಗೆ ಉಂಛವೃತ್ತಿಯ ಮೆರವಣಿಗೆ ಬರುತ್ತದೆ. 1847ರ ಜನವರಿ 6ರಂದು ಅವರು ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ಸನ್ಯಾಸ ಸ್ವೀಕರಿಸಿದ್ದರಿಂದ ದಹನವಿಲ್ಲದೆ ಹೊಳೆಯ ದಂಡೆಯಲ್ಲಿ ಸಮಾಧಿ ಮಾಡಿದರು.

ಆಮೇಲೆ ಸುಮಾರು ಅರ್ಧ ಶತಮಾನ ಆ ಜಾಗದ ಗೊಡವೆಗೆ ಹೆಚ್ಚು ಜನ ಹೋಗಲಿಲ್ಲ. ವಾಲಾಜಾಪೇಟೆ, ಉಮಯಾಳ್‌ಪುರಂ, ತಿಲ್ಲೈಸ್ಥಾನಂ ಎಂದು ಮೂರು ಶಿಷ್ಯಪರಂಪರೆಗಳು ಕೃತಿಗಳನ್ನು ಉಳಿಸಿಕೊಂಡು ಬಂದವು. ಗುರುವಿನ ಪುಣ್ಯತಿಥಿಯನ್ನು ಅವರವರು ತಮ್ಮ ತಮ್ಮ ಊರಲ್ಲೇ ಮಾಡಿಕೊಳ್ಳುತ್ತಿದ್ದರು. 1903ರಲ್ಲಿ ಉಮಯಾಳ್‌ಪುರದ ಕೃಷ್ಣ ಭಾಗವತರು, ಸುಂದರ ಭಾಗವತರು ಬಂದು ನೋಡಿದಾಗ ಸಮಾಧಿ ಪಾಳುಬಿದ್ದಿತ್ತು. ಅವರು ಅದನ್ನು ಸರಿಪಡಿಸಿದರು. ಕೆಲವೇ ವರ್ಷಗಳಲ್ಲಿ ಅಲ್ಲಿಯೇ ಆರಾಧನೆ ನಡೆಯತೊಡಗಿತು. ನಡೆಸಿದವರು ತಿಲ್ಲೈಸ್ಥಾನದ ನರಸಿಂಹ ಭಾಗವತರು ಮತ್ತು ಅವರ ತಮ್ಮ ಪಂಜು ಭಾಗವತರು. ಅಣ್ಣತಮ್ಮಂದಿರು ಸೇರಿ ಶುರು ಮಾಡಿದ್ದು ಯಾವಾಗಲೂ ಹೋಗುವ ದಾರಿಯಲ್ಲೇ ಇದೂ ಹೋಯಿತು: ಅಣ್ಣನದು ದೊಡ್ಡ ಪಂಗಡ, ತಮ್ಮನದು ಚಿಕ್ಕ ಪಂಗಡ. ತಮಿಳಿನಲ್ಲಿ ಪೆರಿಯ ಕಚ್ಚಿ, ಚಿನ್ನ ಕಚ್ಚಿ. ಚಿಕ್ಕ ಪಂಗಡದವರು ಐದು ದಿನ ಮುಂಚೆ ಶುರು ಮಾಡಿ ಪಂಚಮಿಯ ದಿನ ಮುಗಿಸುವುದು, ದೊಡ್ಡ ಪಂಗಡದವರು ಪಂಚಮಿಯ ದಿನ ಶುರು ಮಾಡಿ ಮುಂದಿನ ನಾಲ್ಕು ದಿನ ನಡೆಸುವುದು ಎಂದು ಪಾಲಾಯಿತು. ವಿದ್ವಾಂಸರೂ ಪಾಲಾದರು. ಪಿಟೀಲಿನ ಮಲೈಕೋಟೈ ಗೋವಿಂದಸ್ವಾಮಿ ಪಿಳ್ಳೆಯವರಂಥ ಘಟಾನುಘಟಿಗಳು ಚಿಕ್ಕ ಪಂಗಡದ ಬೆನ್ನಿಗೆ ನಿಂತರು. ಕೇಳುವವರಿಗೆ ಇದರಿಂದ ಲಾಭವೇ ಆಯಿತು, ಒಂದರ ಬದಲು ಎರಡು ಉತ್ಸವ. ಒಂದು ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರ ನಡುವೆ ಭಿನ್ನಾಭಿಪ್ರಾಯವಿರಲಿಲ್ಲ. ಸಮಾಧಿಯ ಮುಂದೆ ಹೆಂಗಸರು ಹಾಡಕೂಡದು.

ಈ ಹೊತ್ತಿಗೆ ಆ ಕನ್ನಡತಿ, ಗಾಯಕಿ ನಾಗರತ್ನಮ್ಮನವರು, ಮದರಾಸಿನಲ್ಲಿ ಹೆಸರು, ಹಣ ಎರಡನ್ನೂ ಸಂಪಾದಿಸಿದ್ದರು. 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿ ಪುಟ್ಟಲಕ್ಷ್ಮಿಯ ಮಗಳಾಗಿ ಹುಟ್ಟಿದವರು. ಮೈಸೂರಿನಲ್ಲಿ ಗಿರಿಭಟ್ಟ ತಿಮ್ಮಯ್ಯನವರ ಬಳಿ ಸಂಸ್ಕೃತ ಓದಿ, ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರ ಬಳಿ ಸಂಗೀತ ಕಲಿತವರು. ಮುನಿಸ್ವಾಮಪ್ಪನವರು ವಾಲಾಜಾಪೇಟೆ ಪರಂಪರೆಯವರಾದ್ದರಿಂದ ನಾಗರತ್ನಮ್ಮ ಶಿಷ್ಯಪರಂಪರೆಯ ಲೆಕ್ಕದಲ್ಲಿ ತ್ಯಾಗರಾಜರ ಮನೆಯವರೇ. ಬರಿಯ ಗಾಯಕಿಯಲ್ಲ, ಓದುಗಾತಿ, ಹಠಗಾತಿ. ಹದಿನೆಂಟನೇ ಶತಮಾನದ ತಂಜಾವೂರಿನ ಕವಯಿತ್ರಿ ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಕಾವ್ಯದ ಬಗ್ಗೆ ಕಂದುಕೂರಿ ವೀರೇಶಲಿಂಗಂ ಅವರಂಥ ಸುಧಾರಕರು ಮೂಗು ಮುರಿದಿದ್ದರು. ನಾಗರತ್ನಮ್ಮ ಅದರ ಪೂರ್ಣಪಾಠ ಹುಡುಕಿ 1910ರಲ್ಲಿ ಅಚ್ಚು ಹಾಕಿಸಿದರು. ಸರಕಾರ ಅಶ್ಲೀಲವೆಂದು ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ. ಹೆಣ್ಣಿನ ದನಿಗೆ ಯಾವುದು ಒಪ್ಪುತ್ತದೆ, ಯಾವುದು ಒಪ್ಪದು ಎಂದು ಗಂಡಸರು ತೀರ್ಪು ಕೊಡುವುದನ್ನು ಅವರು ತಿರುವಯ್ಯಾರಿಗೆ ಬರುವ ಮೊದಲೇ ಕಂಡಿದ್ದರು.

1921ರಲ್ಲಿ ಮೈಸೂರಿನಿಂದ ಬಿಡಾರಂ ಕೃಷ್ಣಪ್ಪನವರ ಕಾಗದ ಬಂತು. ಪಿಟೀಲು ಚೌಡಯ್ಯನವರ ಗುರು, ನಾಗರತ್ನಮ್ಮನವರಿಗೂ ಪಾಠ ಹೇಳಿದವರು. ತಿರುವಯ್ಯಾರಿನಲ್ಲಿ ಸಮಾಧಿ ಇರುವ ದುಸ್ಥಿತಿಯನ್ನು ಬರೆದು, ಏನಾದರೂ ಮಾಡಬೇಕೆಂದಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಗುಡಿಗೆ ಅಸ್ತಿಭಾರ ಬಿತ್ತು. ನಾಗರತ್ನಮ್ಮ ಕಛೇರಿಗಳ ಸಂಪಾದನೆ ಸುರಿದರು, ಒಡವೆ ಮಾರಿದರು. 1926ರ ಜನವರಿ 7ರಂದು ಕುಂಭಾಭಿಷೇಕವಾಯಿತು. ಅವರು ಹುಟ್ಟಿದ ಊರಿನ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ ಇದೇ ತಿರುವಯ್ಯಾರಿನ ಮುಂದೆ ಹರಿದುಹೋಗುತ್ತಾಳೆ. ನೀರಿಗೆ ಇಲ್ಲದ ಅಡ್ಡಿ ಹೆಂಗಸಿಗೆ ಇತ್ತು. ತಾವೇ ಕಟ್ಟಿಸಿದ ಗುಡಿಯ ಮುಂದೆ, ಆರಾಧನೆಯ ದಿನ, ಅವರು ಹಾಡುವಂತಿರಲಿಲ್ಲ.

ಅವರು ಗೋಗರೆಯಲಿಲ್ಲ, ಮುನಿಸಿಕೊಂಡು ಮದರಾಸಿಗೂ ಮರಳಲಿಲ್ಲ. ಗುಡಿಯ ಹಿಂದಿನ ಜಾಗದಲ್ಲಿ ಇನ್ನೊಂದು ಚಪ್ಪರ ಹಾಕಿಸಿ, ದೇವದಾಸಿ ಗಾಯಕಿಯರನ್ನು ಕೂಡಿಸಿ ತಮ್ಮದೇ ಆರಾಧನೆ ಶುರು ಮಾಡಿದರು. ಜನ ಅದಕ್ಕೆ ಪೆಣ್ ಕಚ್ಚಿ, ಹೆಂಗಸರ ಪಂಗಡ ಎಂದು ಹೆಸರಿಟ್ಟರು. ಹೀಗೆ ಒಬ್ಬ ಸಂತನ ಹೆಸರಿನಲ್ಲಿ ಒಂದೇ ಬಯಲಿನಲ್ಲಿ ಮೂರು ಉತ್ಸವಗಳಾದವು. ಕೇಳುಗರು ಇಲ್ಲಿಂದಲ್ಲಿಗೆ ಎದ್ದು ಹೋಗಬಹುದಿತ್ತು, ಹಾಡುವವರು ಹೋಗುವಂತಿರಲಿಲ್ಲ. ಇದೇ ವರ್ಷಗಳಲ್ಲಿ ಮದರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ದೇವದಾಸಿ ಪದ್ಧತಿಯನ್ನು ಕಾನೂನಿನಿಂದ ತೊಡೆದುಹಾಕಲು ಹೋರಾಡುತ್ತಿದ್ದರು, ನಾಗರತ್ನಮ್ಮ ಅದನ್ನು ವಿರೋಧಿಸುತ್ತಿದ್ದರು. ಇಬ್ಬರೂ ಹೆಣ್ಣಿನ ಮಾನದ ಮಾತೇ ಆಡುತ್ತಿದ್ದರು. ಇಂದು ಕೂತು ಒಬ್ಬರನ್ನು ಗೆಲ್ಲಿಸಿ ಇನ್ನೊಬ್ಬರನ್ನು ಸೋಲಿಸುವುದು ಸುಲಭ; ನನಗದು ಸರಿಯೆನಿಸುವುದಿಲ್ಲ.

1940-41ರಲ್ಲಿ ಮೂರು ಪಂಗಡಗಳೂ ಒಂದಾದವು. ಶ್ರೀ ತ್ಯಾಗಬ್ರಹ್ಮ ಮಹೋತ್ಸವ ಸಭಾದ ಹೆಸರಿನಲ್ಲಿ ಒಂದೇ ಆರಾಧನೆ, ಗಂಡಸರ ಜೊತೆ ಹೆಂಗಸರೂ ಹಾಡಬಹುದೆಂದಾಯಿತು. ತ್ಯಾಗರಾಜರ ಘನರಾಗ ಪಂಚರತ್ನಗಳೆಂಬ ಐದು ಕೃತಿಗಳನ್ನು ಎಲ್ಲರೂ ಒಟ್ಟಿಗೆ ಕೂತು ಹಾಡುವ ಪದ್ಧತಿ ಬೇರೂರಿದ್ದು ಆ ದಶಕದಲ್ಲೇ. ತ್ಯಾಗರಾಜರ ಕಾಲದಿಂದ ಹಾಗೇ ನಡೆದುಬಂದಿದೆ ಎಂದು ನಂಬಿರುವವರು ಬಹಳ ಮಂದಿ. ನೋಡಿದರೆ ಅದು ನಮ್ಮ ಅಜ್ಜಂದಿರ ಕಾಲದ ಏರ್ಪಾಡು.

ಏರ್ಪಾಡಿನ ಜಾಣತನ ಗೊತ್ತಾಗಬೇಕಾದರೆ ಕರ್ನಾಟಕ ಸಂಗೀತದ ಜಾಯಮಾನ ನೆನೆಯಬೇಕು. ಇದು ಒಬ್ಬೊಬ್ಬರೇ ಹಾಡುವ ಕಲೆ. ಅದರ ಹೆಚ್ಚುಗಾರಿಕೆಯೆಲ್ಲ ಮನೋಧರ್ಮದಲ್ಲಿದೆ: ಆಲಾಪನೆ, ನೆರವಲ್, ಕಲ್ಪನಾಸ್ವರ. ಹತ್ತು ಜನ ಕೂತು ಒಂದೇ ಆಲಾಪನೆ ಮಾಡಲು ಆಗದು. ಆದರೆ ಈ ಐದು ಕೃತಿಗಳಲ್ಲಿ ಮನೋಧರ್ಮಕ್ಕೆ ಜಾಗವೇ ಇಲ್ಲ. ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳಲ್ಲಿರುವ ಇವೆಲ್ಲವೂ ಆದಿತಾಳದಲ್ಲಿವೆ. ಮೊದಲನೆಯದು ಸಂಸ್ಕೃತ, ಉಳಿದ ನಾಲ್ಕು ತೆಲುಗು. ಪಲ್ಲವಿ, ಅನುಪಲ್ಲವಿ ಆದಮೇಲೆ ಒಂದರ ಹಿಂದೊಂದು ಚರಣ ಬರುತ್ತದೆ, ಪ್ರತಿ ಚರಣದಲ್ಲೂ ಮೊದಲು ಸ್ವರ, ಬೆನ್ನಿಗೆ ಅದೇ ಧಾಟಿಯ ಸಾಹಿತ್ಯ. ಸಾಮಾನ್ಯವಾಗಿ ಗಾಯಕ ಆ ಕ್ಷಣಕ್ಕೆ ಕಟ್ಟಬೇಕಾದ ಸ್ವರವಿನ್ಯಾಸವನ್ನು ವಾಗ್ಗೇಯಕಾರರೇ ಕಟ್ಟಿ, ಮಾತು ತುಂಬಿ ಕೊಟ್ಟಿದ್ದಾರೆ. ಕಲಿತವರೆಲ್ಲ ಒಂದೇ ದಾರಿಯಲ್ಲಿ ಹೋಗಲೇಬೇಕು. ಐದನ್ನೂ ಮುಗಿಸಲು ಹೆಚ್ಚೂಕಡಿಮೆ ಒಂದು ಗಂಟೆ.

ಹೀಗಾಗಿ, ‘ಮೊದಲು ಯಾರು ಹಾಡಬೇಕು’ ಎಂಬ ಮೂವತ್ತು ವರ್ಷದ ತಕರಾರಿಗೆ ‘ಎಲ್ಲರೂ ಒಟ್ಟಿಗೆ’ ಎಂಬ ಉತ್ತರ ಸಿಕ್ಕಿತು. ಒಟ್ಟಿಗೆ ಹಾಡುವಾಗ ಯಾರ ಕಛೇರಿಯೂ ದೊಡ್ಡದಲ್ಲ. ಪಕ್ಕದಲ್ಲಿ ಕೂತವರು ಮೈಸೂರಿನವರೋ, ಹೆಂಗಸೋ ಎಂದು ನೋಡುತ್ತಿದ್ದರೆ ಚರಣ ತಪ್ಪಿಹೋಗುತ್ತದೆ. ಸಂಧಾನ ಮಾಡಿದವರ ಮನಸ್ಸಿನಲ್ಲಿ ಇದೇ ಲೆಕ್ಕವಿತ್ತೆಂದು ನಾನು ಹೇಳುತ್ತಿಲ್ಲ. ಆದ ಪರಿಣಾಮ ಇದು.

ಅಷ್ಟಕ್ಕೇ ಎಲ್ಲರೂ ಒಂದೇ ಥರ ಹಾಡುತ್ತಾರೆಂದಲ್ಲ. ಮೂರು ಶಿಷ್ಯಪರಂಪರೆಗಳಿಂದ ಬಂದ ಪಾಠಾಂತರಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸವಿದೆ. ಇಲ್ಲೊಂದು ಗಮಕ, ಅಲ್ಲೊಂದು ಸಂಗತಿ. ರೇಡಿಯೋದಲ್ಲಿ ಕೆಲವು ತಿರುವುಗಳಲ್ಲಿ ದನಿ ಕಲಸಿದಂತೆ ಕೇಳುವುದಕ್ಕೆ ಅದೂ ಒಂದು ಕಾರಣ. ಇನ್ನು ವರಾಳಿಯದು ಬೇರೆಯೇ ಕತೆ. ಆ ರಾಗವನ್ನು ಎದುರು ಕೂರಿಸಿ ಹೇಳಿಕೊಟ್ಟರೆ ಗುರುಶಿಷ್ಯರಿಗೆ ಆಗಿಬರುವುದಿಲ್ಲ ಎಂಬ ನಂಬಿಕೆ ಸಂಗೀತಗಾರರಲ್ಲಿ ಇನ್ನೂ ಇದೆ. ಇಡೀ ವರ್ಷ ನಾಲ್ಕು ರತ್ನ ಪಾಠ ಮಾಡಿ ಐದನೆಯದಕ್ಕೆ ‘ಕೇಳಿ ಕಲಿತುಕೋ’ ಎಂದುಬಿಡುವ ಮೇಷ್ಟರು ನಮ್ಮಲ್ಲೂ ಇದ್ದಾರೆ. ಅಂಥ ಶಿಷ್ಯರಿಗೆ ಗುಂಪಿನ ಹಿಂದಿನ ಸಾಲಿನಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ತಪ್ಪಿದರೆ ಯಾರಿಗೂ ಕೇಳುವುದಿಲ್ಲ.

ಬಯಲಿನಲ್ಲಿ ಹಾಡುವುದರ ಕಷ್ಟ ಏನೆಂದು ಮೈಕಿನ ಕಾಲದ ನಮಗೆ ಮರೆತಿದೆ. ಸಭಾಂಗಣದಲ್ಲಿ ಗೋಡೆ, ಸೂರು ದನಿಯನ್ನು ಮರಳಿಸಿ ಕೇಳುಗನಿಗೆ ಕೊಡುತ್ತವೆ. ಬಯಲಿನಲ್ಲಿ ಹೋದ ದನಿ ಹೋದದ್ದೇ. ದೂರ ದುಪ್ಪಟ್ಟಾದ ಹಾಗೆಲ್ಲ ಅದರ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹಾಡುವವರ ಸಂಖ್ಯೆಯನ್ನು ದುಪ್ಪಟ್ಟು ಮಾಡಿದರೆ ಏರುವುದು ಅದರ ಅರ್ಧ, 3 ಡೆಸಿಬಲ್. ಈ ಲೆಕ್ಕದಲ್ಲಿ ಒಬ್ಬರ ದನಿ ಹತ್ತು ಮೀಟರಿಗೆ ಎಷ್ಟು ಕೇಳುತ್ತದೋ, ನೂರು ಜನರ ದನಿ ನೂರು ಮೀಟರಿಗೆ ಅಷ್ಟು ಕೇಳೀತು. ಹಾಗಾಗಿ ಮೈಕಿಗೆ ಮುಂಚಿನ ಗಾಯಕರು ಗಂಟಲನ್ನೇ ಎತ್ತರಿಸಿಕೊಳ್ಳಬೇಕಿತ್ತು. ಗಂಡಸರೂ ಇಂದಿನವರಿಗಿಂತ ಬಹಳ ಏರುಶ್ರುತಿಯಲ್ಲಿ ಹಾಡುತ್ತಿದ್ದರು. 1930ರ ದಶಕದಲ್ಲಿ ಮೈಕು ಬಂದಮೇಲೆ ಶ್ರುತಿ ಇಳಿಯಿತು, ಪಿಸುಮಾತಿನಂಥ ಗಮಕಕ್ಕೂ ಬೆಲೆ ಬಂತು, ಇಂಪಿನ ಕಲ್ಪನೆಯೇ ಬದಲಾಯಿತು. ಜನವರಿಯ ಬೆಳಗಿನ ತಂಪು ಮಾತ್ರ ಅಂದಿಗೂ ಇಂದಿಗೂ ಹಾಡುವವರ ಪಕ್ಷ. ನೆಲದ ಬಳಿ ತಣ್ಣನೆಯ ಗಾಳಿ, ಮೇಲೆ ಬೆಚ್ಚಗಿನದು ಇದ್ದಾಗ ಮೇಲೆ ಹೋಗಬೇಕಾದ ದನಿ ಬಾಗಿ ಕೆಳಕ್ಕೆ ಬರುತ್ತದೆ, ದೂರ ಸಾಗುತ್ತದೆ. ಹೊಳೆಯಾಚೆ ಮಾತಾಡಿದ್ದು ನಸುಕಿನಲ್ಲಿ ಈಚೆ ದಡಕ್ಕೆ ಕೇಳುವ ಅನುಭವ ಮಲೆನಾಡಿನವರಿಗೆ ಹೊಸದೇನಲ್ಲ.

ಭಾಷೆಯ ಜಗಳ ಪಂಗಡಗಳು ಒಂದಾದಮೇಲೆ ಬಂತು. ಸಂಗೀತ ವೇದಿಕೆಗಳಲ್ಲಿ ತಮಿಳು ಹಾಡಿಗೆ ಜಾಗವಿಲ್ಲವೆಂದು 1940ರ ದಶಕದಲ್ಲಿ ತಮಿಳಿಸೈ ಚಳವಳಿ ಎದ್ದಿತ್ತು. ಅದೇ ದಶಕದಲ್ಲಿ ಗಾಯಕ ದಂಡಪಾಣಿ ದೇಶಿಕರ್ ತಿರುವಯ್ಯಾರಿನ ವೇದಿಕೆಯಲ್ಲಿ ತಮಿಳು ಹಾಡೊಂದನ್ನು ಹಾಡಿದಾಗ ವೇದಿಕೆ ಮೈಲಿಗೆಯಾಯಿತೆಂಬ ಮಾತು ಬಂದು ದೊಡ್ಡ ರಾದ್ಧಾಂತವಾಯಿತು. ತಮಿಳು ನೆಲದಲ್ಲಿ, ತಮಿಳರ ನಡುವೆ! ತ್ಯಾಗರಾಜರ ಆರಾಧನೆಯಲ್ಲಿ ತ್ಯಾಗರಾಜರ ಕೃತಿಗಳನ್ನೇ ಹಾಡಬೇಕೆಂಬ ಕಟ್ಟಳೆಗೆ ತನ್ನದೇ ತರ್ಕವಿದೆ, ಒಪ್ಪೋಣ. ಮೈಲಿಗೆಯೆಂಬ ಮಾತಿಗೆ ಯಾವ ತರ್ಕವೂ ಇಲ್ಲ.

ನಾಗರತ್ನಮ್ಮ ಕೊನೆಯ ವರ್ಷಗಳನ್ನು ತಿರುವಯ್ಯಾರಿನಲ್ಲೇ ಕಳೆದು 1952ರ ಮೇ ತಿಂಗಳಲ್ಲಿ ತೀರಿಕೊಂಡರು. ಆಸ್ತಿಯನ್ನು ಟ್ರಸ್ಟಿಗೆ ಬಿಟ್ಟು, ಹೆಂಗಸರಿಗೆ ಅಲ್ಲಿ ಹಾಡುವ, ಪೂಜಿಸುವ ಹಕ್ಕು ಇರಬೇಕೆಂದು ಉಯಿಲಿನಲ್ಲಿ ಬರೆಸಿದ್ದರು. ತ್ಯಾಗರಾಜರ ಸಮಾಧಿಯ ಎದುರಿಗೇ ಅವರದೂ ಇದೆ. ಗುರುವಿಗೆ ಕೈಮುಗಿದು ಕೂತ ಪ್ರತಿಮೆ. ಅವರು ತೆರೆಸಿದ ಬಾಗಿಲಿನಿಂದ ಆಮೇಲೆ ಬಂದವರು ಬಹಳ ಮಂದಿ. ಆದರೆ ಹಿಂದಿನ ಚಪ್ಪರದಲ್ಲಿ ಅವರ ಜೊತೆ ಕೂತು ಹಾಡಿದ ಸಮುದಾಯದ ಹೆಣ್ಣುಮಕ್ಕಳು ಆಮೇಲಿನ ದಶಕಗಳಲ್ಲಿ ಕಛೇರಿ ವೇದಿಕೆಯಿಂದಲೇ ಕಡಿಮೆಯಾಗುತ್ತಾ ಹೋದರು. ಈ ಗೆಲುವಿನ ಕತೆ ಹೇಳುವಾಗ ಈ ಸಾಲನ್ನು ಬಿಟ್ಟು ಹೇಳುವುದು ರೂಢಿಯಾಗಿದೆ.

ಈಗಿನ ಪುಕಾರುಗಳು ಬೇರೆ. ಪಂಚರತ್ನದ ಹೊತ್ತಿಗೆ ಮುಂದಿನ ಸಾಲಿನಲ್ಲಿ ಹೆಸರಾಂತರು, ಅವರ ಮುಂದೆ ಮೈಕು, ಮೈಕಿನ ಮುಂದೆ ಕ್ಯಾಮೆರಾ. ಹಿಂದಿನ ನೂರಾರು ಜನ ಹಾಡುವುದು ತಮಗೆ ಮಾತ್ರ. ಬಿಡಿ ಕಛೇರಿಗಳಿಗೆ ಹತ್ತಿಪ್ಪತ್ತು ನಿಮಿಷ ಸಿಕ್ಕರೆ ಹೆಚ್ಚು. ರಾಗಕ್ಕೆ ಮೈ ಬಿಸಿಯಾಗುವಷ್ಟರಲ್ಲಿ ಮಂಗಳ. ಪುಕ್ಕಟೆಯ ಲೆಕ್ಕವೇ ಹಾಗೆ: ಸಂಭಾವನೆಯಿಲ್ಲದಿದ್ದರೂ ಅಲ್ಲಿ ಹಾಡಿದೆ ಎಂಬ ಹೆಸರಿಗಾಗಿ ಬರುವವರು ಲೆಕ್ಕವಿಲ್ಲದಷ್ಟು, ಇರುವುದು ಐದೇ ದಿನ. ನನಗೆ ಇದು ದೊಡ್ಡ ದೋಷವೆನಿಸುವುದಿಲ್ಲ. ಹೆಸರಾಂತ ವಿದ್ವಾಂಸರ ಸರದಿ ಮುಗಿದ ಕೂಡಲೇ ಯಾವುದೋ ಊರಿನ ಪಾಠಶಾಲೆಯ ಮಕ್ಕಳು ಅದೇ ವೇದಿಕೆ ಹತ್ತುವುದು ಮದರಾಸಿನ ಮಾರ್ಗಳಿ ಸೀಸನ್ನಿನಲ್ಲಿ ನಡೆಯದ ಮಾತು. ಅದೇ ಮದರಾಸಿನ ಬೆಸೆಂಟ್ ನಗರದ ಮೀನುಗಾರರ ಕೇರಿಯಲ್ಲಿ 2015ರಲ್ಲಿ ಗಾಯಕ ಟಿ.ಎಂ. ಕೃಷ್ಣ ಮತ್ತು ಗೆಳೆಯರು ಊರೂರು-ಆಲ್ಕಾಟ್ ಕುಪ್ಪಂ ಉತ್ಸವ ಶುರು ಮಾಡಿದಾಗ, ಸಭಾಂಗಣದಿಂದ ಬಯಲಿಗೆ ಬಂದರೆ ಸಾಕೆ, ಬಯಲಿನ ಜನರ ಹಾಡಿಗೂ ಅದೇ ವೇದಿಕೆ ಬೇಡವೆ ಎಂಬ ಪ್ರಶ್ನೆ ಮತ್ತೆ ಎದ್ದಿತು. ಹಳೆಯ ಜಗಳ, ಹೊಸ ದಂಡೆ.

ತಿರುವಯ್ಯಾರಿನ ಮಾದರಿ ಬೇಕಾದಷ್ಟು ಕಡೆ ಹರಡಿದೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1978ರಿಂದ ಆರಾಧನೆ ನಡೆಯುತ್ತಿದೆ. ಪುಷ್ಯಮಾಸದ ಹಿಮದಲ್ಲಿ ಜನ ಬರುವುದು ಕಷ್ಟವೆಂದೋ ಏನೋ, ಅಲ್ಲಿ ಅದು ವಸಂತಕ್ಕೆ ಸರಿದಿದೆ. ಕಾವೇರಿಯ ಮೇಲುದಂಡೆಯಲ್ಲಿ, ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ತಂಬೂರಿಯಾಕಾರದ ಗುಡಿಯಿದೆ; ಆರ್.ಕೆ. ಶ್ರೀಕಂಠನ್ ಅವರಂಥ ಗಾಯಕರ ಮೂಲ ಊರದು, ಅಲ್ಲೂ ಸಂಗೀತೋತ್ಸವ ನಡೆಯುತ್ತದೆ. ನಮ್ಮಲ್ಲಿ ಇನ್ನೊಂದು ಅನುಕೂಲವೂ ಇದೆ. ತ್ಯಾಗರಾಜರ ಪಂಚಮಿ ಕಳೆದು ಹತ್ತು ದಿನಕ್ಕೆ ಪುಷ್ಯ ಅಮಾವಾಸ್ಯೆ, ಪುರಂದರದಾಸರ ಪುಣ್ಯದಿನ. ‘ಪ್ರಹ್ಲಾದ ಭಕ್ತಿ ವಿಜಯಮು’ ನಾಟಕದ ಆರಂಭದಲ್ಲಿ ತ್ಯಾಗರಾಜರೇ ಪುರಂದರದಾಸರನ್ನು ಸ್ತುತಿಸಿದ್ದಾರೆ. ಹಾಗಾಗಿ ಇಬ್ಬರನ್ನೂ ಸೇರಿಸಿ ಪುರಂದರ-ತ್ಯಾಗರಾಜ ಆರಾಧನೆ ಮಾಡುವುದು ಕರ್ನಾಟಕದ ಊರೂರುಗಳಲ್ಲಿ ವಾಡಿಕೆ. ಪಂಚರತ್ನದ ಜೊತೆಗೆ ಪುರಂದರದಾಸರ ನವರತ್ನಮಾಲಿಕೆಯನ್ನೂ ಗೋಷ್ಠಿಯಲ್ಲಿ ಹಾಡುತ್ತಾರೆ. ದೇವಸ್ಥಾನದ ಅಂಗಳ, ಬಡಾವಣೆಯ ಪಾರ್ಕು, ರಸ್ತೆಗೆ ಅಡ್ಡಲಾಗಿ ಹಾಕಿದ ಶಾಮಿಯಾನ, ಎಲ್ಲಾದರೂ ಸರಿ. ಕೊನೆಗೆ ಕೋಸಂಬರಿ, ಪುಳಿಯೋಗರೆ.

ಇಲ್ಲೆಲ್ಲ ಬಗೆಹರಿಯದೆ ಉಳಿದಿರುವುದು ಶ್ರುತಿಯ ಪ್ರಶ್ನೆ. ಗಂಡಸರು ಸಾಮಾನ್ಯವಾಗಿ ಹಾಡುವುದು ಹಾರ್ಮೋನಿಯಂನ ಮೊದಲ ಬಿಳಿ ಮನೆಯ ಆಸುಪಾಸಿನಲ್ಲಿ, ಹೆಂಗಸರು ಐದನೆಯದರ ಆಸುಪಾಸಿನಲ್ಲಿ. ಒಟ್ಟಿಗೆ ಹಾಡುವಾಗ ಇಬ್ಬರಲ್ಲಿ ಒಬ್ಬರು ಗಂಟಲು ಹರಿದುಕೊಳ್ಳಬೇಕು, ಇಲ್ಲವೇ ಮಂದ್ರದಲ್ಲಿ ಗೊಣಗಬೇಕು. ಬೆಂಗಳೂರಿನ ಗೋಷ್ಠಿಗಳಲ್ಲಿ ಮುಕ್ಕಾಲು ಪಾಲು ಹೆಂಗಸರೇ. ತಂಬೂರಿ ಪೆಟ್ಟಿಗೆಯ ಶ್ರುತಿಯನ್ನು ಅವರಿಗೆ ತಕ್ಕಂತೆ ಕೂಡಿಸುತ್ತಾರೆ, ಪಕ್ಕದಲ್ಲಿ ಕೂತ ನಾಲ್ಕಾರು ಗಂಡಸರು ಹೇಗೋ ಹೊಂದಿಕೊಂಡು ಹೋಗುತ್ತಾರೆ.